ಸದ್ದಿಲ್ಲದ ಆ ಗಳಿಗೆ

"ಮಾರ್ತಿರೋನು ನೀನು. ಓದೋನೂ ನೀನೇ ಆಗ್ಬೇಕು ಕಣೋ," ಎಂದಳು ಮಾರ್ಲಿಸ್, ತಮ್ಮ ವರ್ಲಿನ್ ಚಾಚಿದ ಕಾಗದವನ್ನು ಮುಟ್ಟದೆಯೇ.

ರೇಡಿಯೋ ಕೇಂದ್ರ ಮಾರುವವರು ಆ ಸಂಗತಿಯನ್ನು ಅದೇ ಕೇಂದ್ರದಿಂದ ಊರಿಗೆಲ್ಲ ಸಾರಬೇಕು, ಕಾನೂನು ಹಾಗಿತ್ತು. ವರ್ಲಿನ್ ಕಾಗದವನ್ನು ಹಿಂದಕ್ಕೆಳೆದುಕೊಂಡ. ಅವನ ಹೆಂಡತಿ ಕೊರಿನ್ ಸುಮ್ಮನಿರುವವಳಲ್ಲ.

"ಅವನಿಗೆ ಮಾತು ತಡೆಯುತ್ತೆ ಅಂತ ಗೊತ್ತಿದ್ದೂ ಆಟ ಆಡಿಸ್ತೀಯಲ್ಲ! ಹಿಮದಲ್ಲಿ ಟವರ್ ಹತ್ತೋಕೆ ಇವನು ಬೇಕು. ಊರವರ ಕೈಲಿ ಭೇಷ್ ಅನ್ನಿಸ್ಕೊಳ್ಳೋಕೆ ಮಾತ್ರ ನೀನು."

ಮಾತು ಕಹಿ, ಆದರೆ ಸುಳ್ಳಲ್ಲ. ಅಮೆರಿಕದ ನೆಬ್ರಾಸ್ಕದ ಆ ಪುಟ್ಟ ಊರಿನಲ್ಲಿ ಅಕ್ಕ-ತಮ್ಮನ ಅಪ್ಪ ಹಾರ್ಲನ್ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಕಟ್ಟಿದ ಕೇಂದ್ರ ಅದು. ಜೋಳದ ಧಾರಣೆ, ಊರ ಸುದ್ದಿ, ಸತ್ತವರ ಹೆಸರು, ಆಮೇಲೆ ಫೋನಿನಲ್ಲಿ ಊರವರ ಹರಟೆ, ಜಗಳ. ಸಾಯುವಾಗ ಆತ ಒಡೆತನವನ್ನು ಮಗನಿಗೆ ಬರೆದಿಟ್ಟ. ಮೈಕು ಮಾತ್ರ ಮಗಳ ಕೈಯಲ್ಲೇ ಉಳಿಯಿತು. ಒಡೆಯನಿಗೆ ದನಿಯಿಲ್ಲ, ದನಿಯಿದ್ದವಳಿಗೆ ಒಡೆತನವಿಲ್ಲ... ಮಕ್ಕಳಿಬ್ಬರ ನಡುವೆ ಅಪ್ಪ ಬಿಟ್ಟುಹೋದ ಗೋಡೆ ಅದು. ಈಗ ವರ್ಲಿನ್‌ನ ಮೊಣಕಾಲು ಸೋತಿತ್ತು. ಒಮಾಹಾ ನಗರದ ಕಂಪನಿಯೊಂದು ಕೊಳ್ಳಲು ಬಂದಾಗ ಅವನು ಅಕ್ಕನನ್ನು ಕೇಳದೆಯೇ ಹೂಂ ಎಂದಿದ್ದ. ಅಂದಿನಿಂದ ಮಾರ್ಲಿಸ್ ಅಮ್ಮನ ಮನೆಯ ಭಾನುವಾರದ ಊಟಕ್ಕೆ ಬರುವುದನ್ನೇ ಬಿಟ್ಟಿದ್ದಳು.

ಹಣ ಕೊಟ್ಟು ಯಾರಿಂದಾದರೂ ಓದಿಸೋಣವೆಂದಳು ಕೊರಿನ್. ವರ್ಲಿನ್ ಬೇಡವೆಂದು ತಲೆಯಾಡಿಸಿ, ಮೈಕಿನ ಮುಂದೆ ಕುಳಿತ. ಹಿಂದೊಮ್ಮೆ, ಅವನು ಹುಡುಗನಾಗಿದ್ದಾಗ, ಅಪ್ಪ ಅಲ್ಲೇ ಕೂರಿಸಿ ಹವಾಮಾನ ಓದಿಸಿದ್ದ. ಮಾತು ಸಿಕ್ಕಿಕೊಂಡಿತು. ರೇಡಿಯೋದಲ್ಲಿ ಮೌನವೆಂದರೆ ಸಾವು ಎನ್ನುತ್ತಿದ್ದ ಅಪ್ಪ ಥಟ್ಟನೆ ಹಾಡು ಹಾಕಿದ. ಆಮೇಲೆ ಎಂದೂ ಅವನನ್ನು ಅಲ್ಲಿ ಕೂರಿಸಲಿಲ್ಲ.

ಕೆಂಪು ದೀಪ ಹತ್ತಿತು. ವರ್ಲಿನ್ ಓದತೊಡಗಿದ. ಮೊದಲ ಸಾಲು ಹೇಗೋ ದಾಟಿತು. ಅಪ್ಪನ ಹೆಸರು ಬಂದಲ್ಲಿ ದನಿ ನಿಂತಿತು. ಊರ ಅಡುಗೆಮನೆಗಳಲ್ಲಿ, ಟ್ರಾಕ್ಟರುಗಳಲ್ಲಿ, ಕ್ಷೌರದಂಗಡಿಯಲ್ಲಿ ಒಮ್ಮೆಲೇ ನಿಶ್ಶಬ್ದ. ಮಾರ್ಲಿಸಳ ಕೈ ತಾನಾಗಿಯೇ ಹಾಡಿನ ಗುಂಡಿಯತ್ತ ಹೋಯಿತು. ಅಷ್ಟು ವರ್ಷಗಳ ಅಭ್ಯಾಸ! ಬೆರಳು ಇನ್ನೇನು ಒತ್ತಬೇಕು, ತಮ್ಮ ಆ ಕೈಯನ್ನೇ ನೋಡುತ್ತಿದ್ದ. ಬೈಗುಳ ಕಾದು ನಿಂತ ಹುಡುಗನ ಅದೇ ಕಣ್ಣು...

ಅವಳು ಕೈ ಹಿಂದೆಗೆದು ಮಡಿಲಲ್ಲಿಟ್ಟುಕೊಂಡಳು. ಅವಸರವಿಲ್ಲ ಎಂದು ಕಣ್ಣಲ್ಲೇ ಹೇಳಿದಳು. ಸ್ಟುಡಿಯೋದ ಗಾಜಿನಾಚೆ ಕೊರಿನ್ ಬಾಯಿಗೆ ಕೈ ಅಡ್ಡವಿಟ್ಟು ನಿಂತಿದ್ದಳು. ಮೌನ ಉದ್ದವಾಯಿತು. ಯಾರೂ ಸಾಯಲಿಲ್ಲ.

"ಹಾ... ಹಾರ್ಲನ್," ಎಂದ ವರ್ಲಿನ್. ಆಮೇಲೆ ನಿಲ್ಲುತ್ತಾ, ಎಡವುತ್ತಾ, ಕೊನೆಯ ಸಾಲಿನವರೆಗೂ ಓದಿ ಮುಗಿಸಿದ.

ಫೋನಿನ ದೀಪ ಮಿನುಗಿತು. ಮಾರ್ಲಿಸ್ ಕರೆಯನ್ನು ಎಂದಿನಂತೆ ನೇರ ಪ್ರಸಾರಕ್ಕೇ ಜೋಡಿಸಿದಳು. ಅವರಮ್ಮ ಲಿಯೋಟಾ, ಊರೆಲ್ಲ ಕೇಳುತ್ತಿದೆಯೆಂಬ ಪರಿವೆಯೇ ಇಲ್ಲದ ದನಿ.

"ವರ್ಲಿನ್, ಒಲೆ ಆರಿಸಿ ಬಂದು ಕೂತು ಕೇಳ್ದೆ ಕಣಪ್ಪ. ನಿಮ್ಮಪ್ಪ ಅವತ್ತು ಆ ಹಾಡು ಹಾಕ್ಬಾರ್ದಿತ್ತು. ನಾನೂ ಬಾಯ್ಬಿಡಲಿಲ್ಲ."

"ಇರ್ಲಿ ಬಿಡಮ್ಮ."

"ಮಾರ್ಲಿಸ್ ಅಲ್ಲೇ ಇದಾಳಾ?"

"ಇದೀನಮ್ಮ," ಎಂದಳು ಮಾರ್ಲಿಸ್. "ಭಾನುವಾರ ಬರ್ತೀನಿ. ಕೊರಿನ್ ಕಡುಬು ತರ್ತಾಳಂತೆ, ಇನ್ನೂ ಅವಳಿಗೇ ಗೊತ್ತಿಲ್ಲ."

ಫೋನಿನಲ್ಲಿ ಮತ್ತೊಂದು ದೀಪ ಮಿನುಗಿತು, ಅದರ ಪಕ್ಕದಲ್ಲಿ ಇನ್ನೊಂದು. ಮಾರ್ಲಿಸ್ ತನ್ನ ಕಿವಿಯ ಹೆಡ್‌ಫೋನನ್ನು ತೆಗೆದು ತಮ್ಮನ ತಲೆಗಿಟ್ಟಳು.