ಗೋಡೆಯೊಳಗಿನ ಮಡಕೆಗಳು

"ಕೈ ತೆಗೀರಿ! ಇಳೀರಿ ಕೆಳಗೆ!"

ಸೊಲಾಂಜ್ ಕಿರುಚಿದ ರಭಸಕ್ಕೆ ಏಣಿಯೇ ಅಲುಗಿತು. ಫ್ರಾನ್ಸಿನ ಬುರ್ಗೋನ್ ಸೀಮೆಯ ನಮ್ಮ ವಾರ್ಜೆಲ್ ಊರಿನ ಹಳೇ ಚರ್ಚಿಗೆ ಸುಣ್ಣ ಬಳಿಯಲು ಬಂದ ಮೇಸ್ತ್ರಿ ತಿಬೋ, ಗೋಡೆಯ ತೂತಿನೊಳಗೆ ಮೊಣಕೈವರೆಗೆ ಕೈ ತೂರಿಸಿ ನಿಂತಿದ್ದ.

"ಹಕ್ಕಿಗೂಡು ಅಂದ್ಕೊಂಡೆ ಮೇಡಂ... ಮುಚ್ಚೋಣ ಅಂತ..."

"ಹಕ್ಕಿಗೂಡಂತೆ! ಒಳಗಿರೋದು ಮಡಕೆ ಕಣ್ರೀ. ಹಾಡು ಮೊಳಗಲಿ ಅಂತ ಗೋಡೆ ಕಟ್ಟಿದವರೇ ಇಟ್ಟಿದ್ದು. ಎಂಟುನೂರು ವರ್ಷದಿಂದ ಇವೆ. ಮುಚ್ಚಿದ್ರೆ ನಿಮ್ಮನ್ನೂ ಒಳಗಿಟ್ಟು ಗಾರೆ ಹಾಕಿಸ್ತೀನಿ!"

ಅವನು ನಕ್ಕುಬಿಟ್ಟ. ಆ ನಗು ಅವಳೆದೆಯಲ್ಲಿ ಎಲ್ಲೋ ಮೊಳಗಿತು...

ಚರ್ಚಿನ ಬೀಗದ ಕೈ ಅವಳ ಮನೆಯಲ್ಲೇ ಇರುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದು ಬಂದವಳು ಮಧ್ಯಾಹ್ನ ಬ್ರೆಡ್ಡು, ಚೀಸು ಹಿಡಿದು ಮತ್ತೆ ಹೋಗತೊಡಗಿದಳು. ಬೇಸಿಗೆಯಿಡೀ ಜಗಳ, ಬೇಸಿಗೆಯಿಡೀ ನಗು.

ಭಾನುವಾರ, ತೀರಿಹೋದ ಅವಳಪ್ಪನ ವರ್ಷದ ಪೂಜೆ. ಅಪ್ಪ ಹಾಡುತ್ತಿದ್ದ ಹಾಡನ್ನು ಅವನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಹಾಡಬೇಕು. ಶನಿವಾರ ಸಂಜೆ ಒಮ್ಮೆ ಹಾಡಿ ನೋಡಿದಳು.

ಸ್ವರ ಕಾಲಬುಡದಲ್ಲೇ ಸತ್ತು ಬಿತ್ತು.

ತಲೆಯೆತ್ತಿದಳು. ಒಂದು ತೂತೂ ಇಲ್ಲ! ಗೋಡೆಯೆಲ್ಲ ಬೆಳ್ಳಗೆ, ಬೋಳು. ಹೊರಗೆ ತಿಬೋನ ವ್ಯಾನೂ ಇಲ್ಲ.

'ಮುಚ್ಚಿಬಿಟ್ಟ... ಮುಖ ತೋರಿಸಲಾಗದೆ ಓಡಿಹೋದ!'

ಊಟ ಸೇರಲಿಲ್ಲ. ಕುಳಿತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯದು. ಫೋನ್ ಮಾಡಿ ಕೇಳಬಹುದಿತ್ತಲ್ಲ? ಕೇಳಲಿಲ್ಲ. ನಮ್ಮೂರಿನವರ ಹಣೆಬರಹವೇ ಇಷ್ಟು, ಮೊದಲು ಉರಿಯುವುದು, ಆಮೇಲೆ ವಿಚಾರಿಸುವುದು.

'ನಾನು ಅಳ್ತಿರೋದು ಮಡಕೆಗಾ... ಅವನಿಗಾ?'

ಬೆಳಿಗ್ಗೆ ಹೂ ಜೋಡಿಸಲು ಅಪ್ಪನ ತಂಗಿ ಬೆರ್ತ್ ಅತ್ತೆ ಬೀಗದ ಕೈ ಒಯ್ದು ಮೊದಲೇ ಬಾಗಿಲು ತೆಗೆದಿದ್ದಳು. ಹಿಂದೆಯೇ ಹೋದ ಸೊಲಾಂಜ್ ನೋಡಿದರೆ, ತಿಬೋ ಏಣಿಯ ಮೇಲಿದ್ದ. ಇಸ್ತ್ರಿ ಮಾಡಿದ ಕಪ್ಪು ಕೋಟಿನಲ್ಲಿ!

"ಅಪ್ಪನ ದನಿ ಕೊಂದುಬಿಟ್ರಲ್ಲ!"

ಅವನು ಗೋಡೆಗೆ ಉಗುರು ಹಾಕಿ ಎಳೆದ. ಸುಣ್ಣ ಮೆತ್ತಿದ ಗೋಣಿಯ ಉಂಡೆಯೊಂದು ಕಳಚಿ ಬಂತು. ಒಳಗೆಲ್ಲ ಒಣಹುಲ್ಲು.

"ಮಡಕೆಗೆ ಸುಣ್ಣ ಹೋಗಬಾರದು ಅಂತ ತುರುಕಿದ್ದೆ ಮೇಡಂ. ಒಣಗೋ ತನಕ ತೆಗೆಯೋ ಹಾಗಿಲ್ಲ."

"ಹೇಳೋಕೇನಾಗಿತ್ತು ರೋಗ? ನಿನ್ನೆ ಹೋಗಿದ್ದೆಲ್ಲಿಗೆ?"

"ಈ ಕೋಟು ತರೋಕೆ. ನಿಮ್ಮಪ್ಪನ ಪೂಜೆಗೆ ಸುಣ್ಣದ ಅಂಗೀಲಿ ನಿಲ್ಲಲಾ?"

ಅವನು ಒಂದೊಂದೇ ಉಂಡೆ ಕಿತ್ತ. ಕೊನೆಯದನ್ನು ಅವಳೇ ಏಣಿ ಹತ್ತಿ ಕಿತ್ತಳು. ಕೆಳಗೆ ಏಣಿ ಹಿಡಿದು ನಿಂತವನು ಮೆಲ್ಲಗೆ ಅಂದ:

"ಸೊಲಾಂಜ್... ಕೆಲಸ ಮುಗೀತು. ಹೋಗೋಕೆ ಮನಸ್ಸಿಲ್ಲ. ನೀವಂದ್ರೆ ನಂಗೆ ಪ್ರಾಣ."

ಮಡಕೆಗಳು ಬಿಡಬೇಕಲ್ಲ! ಚರ್ಚಿಗೆ ಚರ್ಚೇ ಮೊಳಗಿತು.

"ಕೇಳಿಸ್ತು ಕಣೋ!" ಹೂಗಳ ನಡುವಿನಿಂದ ಬೆರ್ತ್ ಅತ್ತೆ ಕೂಗಿದಳು. "ಅವಳೇನಂತಾಳೆ ಬೇಗ ಕೇಳು, ಜನ ಬರೋ ಹೊತ್ತಾಯ್ತು!"

ಸೊಲಾಂಜ್ ಕಣ್ಣೊರೆಸಿಕೊಂಡಳು.

"ತಿಬೋ... ಇನ್ನೊಂದ್ಸಲ ಹೇಳು. ನಂಗೊಬ್ಬಳಿಗೇ ಕೇಳೋ ಹಾಗೆ."

"ಹಾಗಾದ್ರೆ ಇಳಿ ಕೆಳಗೆ."