ಹೊಂಗೆ ಎಣ್ಣೆಯ ಜೀಪು

2025ರ ಫೆಬ್ರುವರಿ 12, ಬುಧವಾರ. ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಆನಂದ್ ಎಂಬಾತ ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಇನ್ಸ್‌ಪೆಕ್ಟರ್ ಶಾಮಲಾ ಇಡ್ಲಿ ಪೊಟ್ಟಣ ಬಿಚ್ಚುತ್ತಿದ್ದಳು. ಆತ ದೊಡ್ಡಬಳ್ಳಾಪುರ ರಸ್ತೆಯ ರಾಸಾಯನಿಕ ಗೋದಾಮೊಂದರ ಮೇಲ್ವಿಚಾರಕ. ಹಿಂದಿನ ದಿನ ಮಧ್ಯಾಹ್ನ ಒಂದೂವರೆಯಿಂದ ಎರಡು ಗಂಟೆಯೊಳಗೆ, ಕೆಲಸದವರು ಊಟಕ್ಕೆ ಹೋಗಿದ್ದಾಗ, ಮೂವತ್ತೈದು ಲೀಟರಿನ ಎರಡು ಕ್ಯಾನ್ ಮೆಥನಾಲ್ ಮತ್ತು ಐದು ಕಿಲೋ ಕಾಸ್ಟಿಕ್ ಪೊಟ್ಯಾಶ್ ಕಳುವಾಗಿದೆ ಎಂದು ದೂರು ಬರೆದುಕೊಟ್ಟ.

ಮೆಥನಾಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಶಾಮಲಾ ಪೊಟ್ಟಣ ಮಡಚಿಟ್ಟಳು. ಬೂದಿಗೆರೆಯ ಅವಳ ಸೋದರಮಾವ ಯಾವುದೋ ಕಾಲದಲ್ಲಿ ಯಾರೋ ಕೊಟ್ಟ ಕಳ್ಳಭಟ್ಟಿ ಕುಡಿದು, ಹೇಗೋ ಜೀವ ಉಳಿಸಿಕೊಂಡು, ಎರಡೂ ಕಣ್ಣು ಕಳೆದುಕೊಂಡಿದ್ದ. ಅದರಲ್ಲಿ ಬೆರೆತಿದ್ದದ್ದು ಇದೇ ಮೆಥನಾಲ್. ಚಿಕ್ಕಂದಿನಲ್ಲಿ ಅವಳು ರಜೆಗೆ ಹೋದಾಗಲೆಲ್ಲ ಮಾವ ಅವಳ ಮುಖವನ್ನು ಬೆರಳಿನಿಂದ ಸವರಿ ನೋಡಿ, ದೊಡ್ಡವಳಾದೆ ಕಣಮ್ಮ ಎನ್ನುತ್ತಿದ್ದ. ಎಪ್ಪತ್ತು ಲೀಟರ್ ಎಂದರೆ ಅಂಥ ಎಷ್ಟು ಮನೆ ಎಂದು ಯೋಚಿಸುವ ಧೈರ್ಯ ಅವಳಿಗೆ ಬರಲಿಲ್ಲ.

ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೆರಡೂಕಾಲಿಗೆ ಹೆಡ್ ಕಾನ್‌ಸ್ಟೆಬಲ್ ಕೆಂಪರಾಜನನ್ನು ಕರೆದುಕೊಂಡು ಗೋದಾಮಿಗೆ ಹೋಗಿ, ಪಕ್ಕದ ಟೈರ್ ಅಂಗಡಿಯ ಇಬ್ಬರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಸ್ಥಳ ಪಂಚನಾಮೆ ಮಾಡಿದಳು. ಕೆಂಪರಾಜನಿಗೆ ಐವತ್ತೆರಡು ವರ್ಷ. ಅದರಲ್ಲಿ ಇಪ್ಪತ್ತೆಂಟನ್ನು ಇದೇ ಸುತ್ತಿನ ಠಾಣೆಗಳಲ್ಲಿ ಕಳೆದವನು. ಯಾವ ಊರಿನ ಯಾವ ಮನೆಯಲ್ಲಿ ನಾಯಿ ಕಚ್ಚುತ್ತದೆ ಎನ್ನುವುದೂ ಅವನಿಗೆ ಗೊತ್ತು.

ಕಳ್ಳ ಬೀಗ ಒಡೆದಿರಲಿಲ್ಲ. ಊಟದ ಹೊತ್ತಿಗೆ ಚಿಲಕ ಮಾತ್ರ ಹಾಕುವುದು ಅಲ್ಲಿನ ರೂಢಿ. ಅದನ್ನು ತೆಗೆದು ಒಳಗೆ ಬಂದು, ಹೋಗುವಾಗ ಮತ್ತೆ ಹಾಕಿಟ್ಟು ಹೋಗಿದ್ದ. ಹೆಚ್ಚು ಬೆಲೆಯ ಡಬ್ಬಗಳು ಕೈಗೆಟುಕುವಂತಿದ್ದರೂ ಮುಟ್ಟಿರಲಿಲ್ಲ. ಬಾಗಿಲ ಹತ್ತಿರ ನೆಲದ ಮೇಲೆ ಒಂದು ಮೊರದಷ್ಟು ಅಗಲಕ್ಕೆ ಮರಳು ಹರಡಿತ್ತು. ಕ್ಯಾನಿನ ಮುಚ್ಚಳದಿಂದ ಸ್ವಲ್ಪ ಚೆಲ್ಲಿದೆ, ಬೆಂಕಿ ಹತ್ತದಿರಲಿ ಎಂದು ಮೂಲೆಯ ಬಕೆಟ್ಟಿನಿಂದ ಮರಳು ತಂದು ಮುಚ್ಚಿದ್ದಾನೆ ಎಂದು ಆನಂದನೇ ವಿವರಿಸಿದ. ಸಿಸಿಟಿವಿಯಲ್ಲಿ ಹೆಲ್ಮೆಟ್ ಹಾಕಿದ ಒಬ್ಬಾತ, ನಂಬರ್ ಪ್ಲೇಟಿಗೆ ಗೋಣಿ ಸುತ್ತಿದ ಟಿವಿಎಸ್ ಮೊಪೆಡ್ ಮೇಲೆ ಎರಡು ಕ್ಯಾನ್ ಕಟ್ಟಿಕೊಂಡು ಕುಂದಾಣದ ಕಡೆ ಹೋಗುವುದು ಕಂಡಿತು. ಮೊಪೆಡ್ ಏರುವ ಮುನ್ನ ಆತ ಸೊಂಟ ಹಿಡಿದುಕೊಂಡು ಒಂದು ನಿಮಿಷ ನಿಂತಿದ್ದ.

"ವಯಸ್ಸಾದೋನು ಮೇಡಂ. ಹೊಸಬ ಬೇರೆ," ಎಂದ ಕೆಂಪರಾಜ್.

ಹಾಗೆಂದು ಸುಮ್ಮನೆ ಕೂರುವಂತಿರಲಿಲ್ಲ. ಎಸ್‌ಪಿ ಕಚೇರಿಯಿಂದ ಎರಡು ಸಲ ಫೋನ್ ಬಂತು. ಅಬಕಾರಿಯವರ ಜೊತೆ ಸೇರಿ ಆ ದಿನವೂ ಮರುದಿನವೂ ಹಳೆಯ ಭಟ್ಟಿ ಕೇಸುಗಳಲ್ಲಿದ್ದ ಹನ್ನೊಂದು ಮನೆ ಶೋಧಿಸಿದರು. ಏನೂ ಸಿಗಲಿಲ್ಲ. ಗುರುವಾರ ಆಟೋ ಒಂದಕ್ಕೆ ಮೈಕ್ ಕಟ್ಟಿಸಿ, ವಿಷದ ಸ್ಪಿರಿಟ್ಟು ಕಳುವಾಗಿದೆ, ಗುರುತಿಲ್ಲದವರು ಕೊಟ್ಟದ್ದನ್ನು ಯಾರೂ ಕುಡಿಯಬೇಡಿ ಎಂದು ಕುಂದಾಣ ಹೋಬಳಿಯ ಊರೂರಿಗೂ ಸಾರಿಸಿದಳು.

ಶುಕ್ರವಾರ ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ಒಂದು ಕರೆ ಬಂತು. ಶಾಮಲಾಳೇ ಎತ್ತಿಕೊಂಡಳು. ವಯಸ್ಸಾದ ಗಂಡಸಿನ ದನಿ.

"ಅದನ್ನ ಯಾರೂ ಕುಡಿಯಲ್ಲ ತಾಯಿ. ಭದ್ರವಾಗೈತೆ. ಮೈಕ್‌ನಲ್ಲಿ ಕೂಗಿಸಿ ಜನಾನ ಹೆದರಿಸ್ಬೇಡಿ."

ಯಾರು ಮಾತಾಡುತ್ತಿರುವುದು ಎಂದು ಕೇಳುವಷ್ಟರಲ್ಲಿ ಕಟ್ಟಾಯಿತು. ನಂಬರು ಕುಂದಾಣದ ಬಸ್ ನಿಲ್ದಾಣದಲ್ಲಿ ಹೂ ಮಾರುವ ಹೆಂಗಸಿನದು. ಯಾರೋ ಅಜ್ಜ, ತನ್ನ ಫೋನಿನಲ್ಲಿ ಚಾರ್ಜಿಲ್ಲ ಎಂದು ಇಸಕೊಂಡು ಮಾತಾಡಿದ, ಮೊಳ ಹೂವನ್ನೂ ಕೊಂಡ ಎಂದಳು ಆಕೆ. ಮುಖ ಸರಿಯಾಗಿ ನೆನಪಿಲ್ಲ. ಆದರೆ ಫೋನು ವಾಪಸು ಕೊಟ್ಟ ಮೇಲೆ ಅದಕ್ಕೆ ಹೊಂಗೆ ಎಣ್ಣೆಯ ವಾಸನೆ ಹತ್ತಿಕೊಂಡಿತ್ತು, ಸೆರಗಿನಲ್ಲಿ ಒರೆಸಿದರೂ ಹೋಗಲಿಲ್ಲ.

ಮಧ್ಯಾಹ್ನ ಶಾಮಲಾ ದೇವನಹಳ್ಳಿಯ ಕಾಲೇಜೊಂದಕ್ಕೆ ಹೋಗಿ, ರಸಾಯನಶಾಸ್ತ್ರದ ಉಪನ್ಯಾಸಕಿ ಕೀರ್ತನಳ ಮುಂದೆ ಮೂರು ಹೆಸರು ಇಟ್ಟಳು: ಮೆಥನಾಲ್, ಕಾಸ್ಟಿಕ್ ಪೊಟ್ಯಾಶ್, ಹೊಂಗೆ ಎಣ್ಣೆ. ಕೀರ್ತನ ನಕ್ಕುಬಿಟ್ಟಳು. ಇದು ಸಾರಾಯಿಯಲ್ಲ ಮೇಡಂ, ಬಯೋಡೀಸೆಲ್. ಹೊಂಗೆ ಎಣ್ಣೆ ಆದರೂ ಸರಿ, ಕರಿದು ಉಳಿದ ಅಡುಗೆ ಎಣ್ಣೆ ಆದರೂ ಸರಿ, ಬಿಸಿ ಮಾಡಿ ಇವೆರಡನ್ನೂ ಬೆರೆಸಿ ಕಲಕಿದರೆ ಡೀಸೆಲ್ ಗಾಡಿ ಓಡಿಸುವಂಥ ಎಣ್ಣೆ ಸಿಗುತ್ತದೆ ಎಂದಳು. ಶಾಮಲಾ ಅಲ್ಲೇ ಒಂದು ಲೋಟ ನೀರು ಕೇಳಿ ಕುಡಿದಳು.

ಜೀಪಿನಲ್ಲಿ ವಾಪಸು ಬರುವಾಗ ಕೆಂಪರಾಜ್ ಹಳೆಯದನ್ನೆಲ್ಲ ನೆನೆಸಿಕೊಂಡ. ಹತ್ತು ವರ್ಷದ ಹಿಂದೆ ಈ ಕಡೆ ಐದಾರು ಜನ ಇಂಥ ಎಣ್ಣೆ ಮಾಡುತ್ತಿದ್ದರು. ಹೆಂಗಸರು ಬೇಲಿ ಸಾಲಿನ ಹೊಂಗೆ ಬೀಜ ಆಯ್ದು ತಂದು ಹಾಕುತ್ತಿದ್ದರು. ಆಮೇಲೆ ಬೀಜ ಅರೆಯುವ ಗಾಣ ನಿಂತಿತು. ಹೋಟೆಲುಗಳ ಕರಿದ ಎಣ್ಣೆಯನ್ನು ದೊಡ್ಡ ಕಂಪನಿಗಳ ಟ್ಯಾಂಕರು ಬಂದು ಎತ್ತಿಕೊಂಡು ಹೋಗತೊಡಗಿತು. ಗುರುತಿನವರಿಗೆ ಒಂದೊಂದೇ ಕ್ಯಾನ್ ಸ್ಪಿರಿಟ್ಟು ಕೊಡುತ್ತಿದ್ದ ದೊಡ್ಡಬಳ್ಳಾಪುರದ ಸೇಟು ಅಂಗಡಿಯೂ ಕಳೆದ ದೀಪಾವಳಿಗೆ ಮುಚ್ಚಿತು. ಈಗ ಬೇಕೆಂದರೆ ಲೈಸೆನ್ಸು ಬೇಕು, ಲಾರಿಗಟ್ಟಲೆ ಕೊಳ್ಳಬೇಕು. ಒಬ್ಬೊಬ್ಬರೇ ಬಿಟ್ಟುಬಿಟ್ಟರು.

"ಎಲ್ರೂ ಬಿಟ್ರಾ?" ಎಂದಳು ಶಾಮಲಾ.

ಕೆಂಪರಾಜ್ ತಲೆ ಕೆರೆದುಕೊಂಡ. ಒಂದು ಜೀಪು ಮಾತ್ರ ಈಗಲೂ ಬೋಂಡದ ಅಂಗಡಿಯಂತೆ ವಾಸನೆ ಬಿಡುತ್ತಾ ಓಡಾಡುತ್ತದೆ, ಶನಿವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಯ ಬಂದೋಬಸ್ತಿಗೆ ಹೋದಾಗ ನೋಡಿದ್ದೇನೆ ಎಂದ.

ಫೆಬ್ರುವರಿ 15, ಶನಿವಾರ ಬೆಳಗ್ಗೆ ಎಂಟೂವರೆಗೆ ಇಬ್ಬರೂ ಮಫ್ತಿಯಲ್ಲಿ ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಂತಿದ್ದರು. ಹಸಿರು ಬಣ್ಣದ ಹಳೆಯ ಜೀಪು ಬಂತು, ಅದಕ್ಕಿಂತ ಮುಂಚೆ ಅದರ ವಾಸನೆ ಬಂತು. ಓಡಿಸುತ್ತಿದ್ದವಳು ಇಪ್ಪತ್ತೈದರ ಆಸುಪಾಸಿನ ನವ್ಯಶ್ರೀ. ಪಕ್ಕದಲ್ಲಿ ಅವಳ ತಂದೆ ಮುನಿಶಾಮಪ್ಪ, ಹಿಂದೆ ಇನ್ನಿಬ್ಬರು ರೋಗಿಗಳು. ಮೂವರೂ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರುವವರು. ಅವರನ್ನು ಒಳಗೆ ಮಲಗಿಸಿ ಹೊರಗೆ ಬಂದ ನವ್ಯಶ್ರೀಯನ್ನು ಶಾಮಲಾ ಬೆಂಚಿನ ಮೇಲೆ ಕೂರಿಸಿ, ತಾನು ಯಾರೆಂದು ಹೇಳಿ, ಗಾಡಿಗೆ ಏನು ಹಾಕುತ್ತೀಯ ಎಂದು ಕೇಳಿದಳು.

ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿದಳು. ಎಣ್ಣೆ ಕೊಡುವುದು ಪಿಳ್ಳಪ್ಪ ದೊಡ್ಡಪ್ಪ. ಅಪ್ಪನ ಜೊತೆ ಒಂದನೇ ಕ್ಲಾಸಿನಿಂದ ಓದಿದವರು. ಹನ್ನೊಂದು ವರ್ಷದ ಹಿಂದೆ ಮೊದಲ ಸಲ ಎಣ್ಣೆ ಮಾಡಿದಾಗ ಊರಲ್ಲಿ ಯಾರೂ ಅದನ್ನು ಗಾಡಿಗೆ ಹಾಕಲು ಒಪ್ಪಲಿಲ್ಲ, ಎಂಜಿನ್ ಕೆಡುತ್ತದೆ ಎಂದು ನಕ್ಕರು. ಆಗ ಅಪ್ಪ ತನ್ನ ಜೀಪಿನ ಟ್ಯಾಂಕಿಗೆ ಸುರಿಸಿಕೊಂಡು, ದೊಡ್ಡಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಶಿವಗಂಗೆಗೆ ಹೋಗಿ ಸಾಯಂಕಾಲಕ್ಕೆ ವಾಪಸು ಬಂದರು. ಮರುದಿನದಿಂದ ಏಳು ಟ್ರ್ಯಾಕ್ಟರಿನವರು ಗಿರಾಕಿಗಳಾದರು. ಅಲ್ಲಿಂದ ಈಚೆಗೆ ಜೀಪು ಬಂಕಿನ ಮುಖ ನೋಡಿಲ್ಲ. ಬಂಕಿನಲ್ಲಿ ಹಾಕಿಸಲು ನಮಗೇನೂ ಕಷ್ಟವಿಲ್ಲ, ಆದರೆ ದೊಡ್ಡಪ್ಪ ಬಿಡುವುದಿಲ್ಲ ಎಂದಳು. ಅಪ್ಪನ ಹೃದಯವೂ ಸೋತಿದೆ, ಇನ್ನು ಆರೇಳು ತಿಂಗಳು ಎಂದು ಡಾಕ್ಟರು ಸಂಕ್ರಾಂತಿ ಹೊತ್ತಿಗೇ ಹೇಳಿದ್ದಾರೆ ಎನ್ನುವುದನ್ನು, ಒಳಗಿನವರಿಗೆ ಕೇಳಿಸೀತೆಂಬಂತೆ ಮೆಲ್ಲಗೆ ಹೇಳಿದಳು.

ಹನ್ನೊಂದೂವರೆಗೆ ಕುಂದಾಣದ ಆಚೆಗಿದ್ದ ಪಿಳ್ಳಪ್ಪನ ತೋಟದ ಶೆಡ್ಡಿಗೆ ಹೋದರು. ಅರವತ್ತಾರರ ತೆಳ್ಳಗಿನ ಮನುಷ್ಯ ಪಂಚೆ ಮೇಲೆ ಕಟ್ಟಿಕೊಂಡು, ದೊಡ್ಡ ಕೋಲಿನಿಂದ ಡ್ರಮ್ಮಿನೊಳಗೆ ಕಲಕುತ್ತಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ. ಒಂದು ನಿಮಿಷ, ಈಗ ಬಿಟ್ಟರೆ ಗಟ್ಟಿಯಾಗಿಬಿಡುತ್ತದೆ ಎಂದು ಹೇಳಿ, ಕಲಕುವುದನ್ನು ಮುಗಿಸಿಯೇ ಕೈ ಒರೆಸಿಕೊಂಡ. ಮೂಲೆಯಲ್ಲಿ ಒಂದು ಕ್ಯಾನ್ ತುಂಬಿತ್ತು, ಇನ್ನೊಂದು ಅರ್ಧ ಮುಗಿದಿತ್ತು. ಸುತ್ತ ಒದ್ದೆ ಮರಳು ಸುರಿದು, ಮಕ್ಕಳು ಬರದಂತೆ ಮುಳ್ಳಿನ ಕೊಂಬೆ ಇಟ್ಟಿದ್ದ.

"ಇದನ್ನ ಎಲ್ಲಿಂದ ತಂದ್ರಿ?"

"ಕದ್ದೆ."

"ಫೋನ್ ಮಾಡಿದ್ದೂ ನೀವೇನಾ?"

"ಹೂಂ. ಮೈಕ್ ಕೇಳಿ ಎರಡು ದಿನ ಅನ್ನ ಇಳೀಲಿಲ್ಲ ತಾಯಿ. ಯಾರಾನ ಗಾಬ್ರಿ ಬಿದ್ದಾರು ಅಂತ."

ಹೊಂಗೆ ಬೀಜವನ್ನು ತಾನೇ ಅರೆದು, ಬೋಂಡದ ಅಂಗಡಿಯವರು ಕೊಡುವ ಕರಿದ ಎಣ್ಣೆ ಬೆರೆಸಿಕೊಳ್ಳುತ್ತಿದ್ದ; ಸಿಗದಿದ್ದದ್ದು ಸ್ಪಿರಿಟ್ಟು ಮಾತ್ರ. ಸೇಟು ಅಂಗಡಿ ಮುಚ್ಚಿದ ಮೇಲೆ ಹೊಸಕೋಟೆ, ನೆಲಮಂಗಲ, ಬೆಂಗಳೂರಿನ ಚಿಕ್ಕಪೇಟೆವರೆಗೂ ಅಲೆದೆ, ಎಲ್ಲರೂ ಲೈಸೆನ್ಸು ಕೇಳಿದರು ಎಂದ. ಉಳಿಸಿಕೊಂಡಿದ್ದ ಎಣ್ಣೆ ಜನವರಿ ಕೊನೆಗೆ ತಳ ಕಾಣತೊಡಗಿತು. ಗೋದಾಮಿನಲ್ಲಿ ಕೇಳಿದಾಗ ನೂರು ಕ್ಯಾನಿಗೆ ಕಮ್ಮಿ ಕೊಡುವುದಿಲ್ಲ ಎಂದರಂತೆ. ಅಲ್ಲೇ ಚಿಲಕ ನೋಡಿಕೊಂಡು ಬಂದಿದ್ದ.

ಗಾಡಿಗೆ ಬಂಕಿನ ಡೀಸೆಲ್ ಹಾಕಿಸಿದ್ದರೆ ಆಗುತ್ತಿತ್ತಲ್ಲ, ಇದಕ್ಕೆ ಕಳ್ಳತನ ಮಾಡಬೇಕಿತ್ತೇ ಎಂದು ಕೆಂಪರಾಜ್ ತಡೆಯಲಾರದೆ ಕೇಳಿದ. ಪಿಳ್ಳಪ್ಪ ಕೋಲಿಗೆ ಅಂಟಿದ್ದ ಎಣ್ಣೆಯನ್ನು ಡ್ರಮ್ಮಿನ ಅಂಚಿಗೆ ಒರೆಸಿದ.

"ಅಷ್ಟು ಕ್ಯಾನ್ ಇದ್ವು. ಎರಡೇ ಯಾಕೆ ತಗೊಂಡ್ರಿ?" ಎಂದಳು ಶಾಮಲಾ.

ಅವನು ಡ್ರಮ್ಮಿನ ಕಡೆ ನೋಡಿದ.

"ಎರಡ್ರಲ್ಲಿ ಏಳೆಂಟು ತಿಂಗಳಿನ ಎಣ್ಣೆ ಆಗುತ್ತೆ. ಅವನಿಗೆ ಅಷ್ಟು ಸಾಕಾಗುತ್ತೆ ಅಂತ ತಂದೆ."

ಕೆಂಪರಾಜ್ ಹೋಗಿ ತುಂಬಿದ ಕ್ಯಾನನ್ನು ಬೆಳಕಿಗೆ ಎಳೆದಿಟ್ಟ. ಆಮೇಲೆ ಶಾಮಲಾ ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಬರೆಸಿದಳು. ಡ್ರಮ್ಮಿನ ಎಣ್ಣೆಯೂ ಜಪ್ತಿಯಾಗಬೇಕಿತ್ತು, ಆಯಿತು. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಪಿಳ್ಳಪ್ಪನನ್ನು ಬಂಧಿಸಲಾಯಿತು. ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂದು ಕಾನೂನಿನಂತೆ ಕೇಳಿದಾಗ, ಹೆಂಡತಿಗೆ ಎಂದ. ಮುನಿಶಾಮಪ್ಪನಿಗೆ ಮಾತ್ರ ಬೇಡ ಎಂದ.

ಊರಿನಲ್ಲಿ ಅಂಥ ಸುದ್ದಿ ನಿಲ್ಲುತ್ತದೆಯೇ? ಸಂಜೆ ನಾಲ್ಕೂವರೆಗೆ ಹಸಿರು ಜೀಪು ಠಾಣೆಯ ಮುಂದೆ ನಿಂತಿತು. ಮುನಿಶಾಮಪ್ಪ ಮಗಳ ಭುಜ ಹಿಡಿದು ಮೆಟ್ಟಿಲು ಹತ್ತಿದ. ತೋಳಿನ ಮೇಲೆ ಬೆಳಗಿನ ಬಿಳಿ ಪಟ್ಟಿ ಇನ್ನೂ ಇತ್ತು. ನಾಳೆ ನ್ಯಾಯಾಧೀಶರ ಮುಂದೆ ಹಾಜರುಪಡಿಸುತ್ತೇವೆ ಎಂದು ಶಾಮಲಾ ಹೇಳಿದಳು. ಜಾಮೀನಿಗೆ ಯಾವ ಕಾಗದ ತರಬೇಕು, ನನ್ನ ಹೊಲದ ಪಹಣಿ ಆಗುತ್ತದೆಯೇ ಎಂದು ಅವನು ಕೇಳಿ ತಿಳಿದುಕೊಂಡ.

ನಿಮಗೋಸ್ಕರ ಕದ್ದಿದ್ದಾರೆ ಎನ್ನುವುದು ಗೊತ್ತೇ ಎಂದು ಅವಳು ಕೇಳಿದಳು.

"ಸೇಟು ಅಂಗಡಿ ಮುಚ್ಚಿದ್ದು ನಂಗೆ ದೀಪಾವಳಿಯಲ್ಲೇ ಗೊತ್ತಿತ್ತು ಮೇಡಂ," ಎಂದ ಮುನಿಶಾಮಪ್ಪ. "ಎಣ್ಣೆ ಎಲ್ಲಿಂದ ತರ್ತೀಯೋ ಅಂತ ಕೇಳ್ಬೇಕು ಅನ್ಸೋದು. ಕೇಳಿದ್ರೆ ತರೋದು ನಿಲ್ಲಿಸ್ಬಿಡ್ತಾನೆ ಅಂತ ಸುಮ್ನಾದೆ. ವಾರಕ್ಕೊಂದು ದಿನ ಕ್ಯಾನ್ ಹಿಡ್ಕೊಂಡು ಬಂದು, ಟ್ಯಾಂಕಿಗೆ ಸುರಿದು, ಜಗಲಿ ಮೇಲೆ ಒಂದು ಗಂಟೆ ಕೂತ್ಕೊಂಡು ಹೋಗ್ತಿದ್ದ. ನಂಗೆ ಬೇಕಿದ್ದಿದ್ದು ಆ ಒಂದು ಗಂಟೆ. ಎಣ್ಣೆ ಅಲ್ಲ."

ಅವನು ಹೋಗಿ ಪಿಳ್ಳಪ್ಪನ ಪಕ್ಕ ಬೆಂಚಿನ ಮೇಲೆ ಕೂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮುನಿಶಾಮಪ್ಪನೇ ಮೊದಲು ಬಾಯಿ ಬಿಟ್ಟ.

"ಇನ್ಮೇಲೆ ಬರಿಗೈಲಿ ಬಾರೋ."

ಪಿಳ್ಳಪ್ಪ ತಲೆ ತಗ್ಗಿಸಿ ಹೂಂ ಎಂದ.

ಒಳಗೆ ಶಾಮಲಾ ಕೇಸ್ ಡೈರಿ ಬರೆಯುತ್ತಿದ್ದಳು. ಆರೋಪಿಯ ಉದ್ದೇಶ ಎನ್ನುವಲ್ಲಿಗೆ ಬಂದಾಗ ಪೆನ್ನು ನಿಂತಿತು. ಕೊನೆಗೆ, ಸಾಯುತ್ತಿರುವ ಗೆಳೆಯನ ಮನೆಗೆ ಹೋಗಿಬರಲು ಒಂದು ನೆಪ ಬೇಕಾಗಿದ್ದರಿಂದ, ಎಂದು ಬರೆದಳು. ಇಂಥದ್ದನ್ನು ಮೇಲಿನವರು ಒಪ್ಪುತ್ತಾರೋ ಇಲ್ಲವೋ ಎಂದು ಕೆಂಪರಾಜ್ ಬಗ್ಗಿ ಓದಿದ. ಓದಿ ಮುಗಿಸಿ, ಕೆಳಗೆ ಸೀಲು ಒತ್ತಿಕೊಟ್ಟ.