ಮಹಡಿಯ ಬೆಕ್ಕುಗಳು, ಕೆಳಗಿನ ಸೋಫಾಗಳು

ಫೋನಿನಲ್ಲಿ ಅವಳು ಹೇಳಿದ್ದು ನಾಯಿಯ ವಿಷಯ ಮಾತ್ರ. ವಯಸ್ಸಾಗಿದೆ, ಪಾಪದ್ದು, ಬೊಗಳುವುದಕ್ಕೂ ಸೋಮಾರಿತನ ಎಂದು ಎಷ್ಟು ಚೆಂದ ಮಾಡಿ ಹೇಳಬಹುದೋ ಅಷ್ಟು ಚೆಂದ ಮಾಡಿ ಹೇಳಿದ್ದಳು. ಇನ್ನು ಬೆಕ್ಕುಗಳ ಮಾತು ಎತ್ತಬೇಕು ಎನ್ನುವಷ್ಟರಲ್ಲಿ ಅವಳು ಬಾಡಿಗೆಗೆ ಕೇಳಿದ ಮನೆಯ ಓನರ್, ತಾನು ಕುಷನ್ ಕೆಲಸದವನೆಂದೂ, ಕೆಳಗಡೆಯೇ ವರ್ಕ್‌ಶಾಪ್ ಇದೆಯೆಂದೂ, ಊರಿನವರ ಸೋಫಾಗಳೆಲ್ಲ ರಿಪೇರಿಗೆ ಅಲ್ಲಿಗೇ ಬರುತ್ತವೆಂದೂ ಹೇಳಿಬಿಟ್ಟ. ಬಾಯಿಗೆ ಬಂದ ಬೆಕ್ಕುಗಳನ್ನು ಅವಳು ಹಾಗೆಯೇ ನುಂಗಿಕೊಂಡಳು.

ಬೇರೆ ದಾರಿಯಿರಲಿಲ್ಲ. ಅವಳದು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ. ಸೋಂಕು ಹಬ್ಬಿ, ಈ ಊರಿನ ಆಸ್ಪತ್ರೆಯಲ್ಲಿ ಕೈಗಳು ಸಾಲದೆ, ಅವಳನ್ನು ಇಲ್ಲಿಗೆ ಹಾಕಿದ್ದರು. ಎಷ್ಟು ಕಾಲಕ್ಕೆ ಎಂದು ಯಾರೂ ಹೇಳಲಿಲ್ಲ. ಅಪ್ಪ ಅಮ್ಮನನ್ನು ಬಿಟ್ಟು ಬರುವಂತಿರಲಿಲ್ಲ. ಅವರಂತೂ ಪ್ರಾಣಿಗಳನ್ನು ಬಿಟ್ಟು ಹೊರಡುವವರೇ ಅಲ್ಲ. ಬಾಡಿಗೆ ಮನೆಯವರು ಆಸ್ಪತ್ರೆ ಎಂದಾಗ ದನಿ ಇಳಿಸುತ್ತಿದ್ದರು, ನಾಯಿ ಎಂದಾಗ ಫೋನೇ ಇಡುತ್ತಿದ್ದರು. ಎರಡನ್ನೂ ಕೇಳಿ ‘ಬನ್ನಿ’ ಎಂದವನು ಇವನೊಬ್ಬನೇ.

ಸಾಮಾನಿನ ವ್ಯಾನು ಹೊಸ ಊರಿನ ರಸ್ತೆಗಿಳಿದಾಗ ಬಿಸಿಲು ನೆತ್ತಿಗೇರಿತ್ತು. ದಾರಿಯುದ್ದಕ್ಕೂ ಚೆಕ್‌ಪೋಸ್ಟುಗಳು. ಪ್ರತಿಯೊಂದರಲ್ಲೂ ಇಳಿದು, ಹಣೆಗೆ ಜ್ವರದ ಗನ್ ಹಿಡಿಸಿಕೊಂಡು, ಪರವಾನಗಿ ತೋರಿಸಿ, ನಾಯಿಗೆ ಮಾಸ್ಕ್ ಬೇಡವೇ ಎಂಬ ಪೊಲೀಸರ ತಮಾಷೆಗೆ ಹಲ್ಲುಕಚ್ಚಿ ನಕ್ಕು ಅವಳಿಗೆ ಸಾಕುಸಾಕಾಗಿತ್ತು. ನಿವೃತ್ತ ಡ್ರಿಲ್ ಮೇಷ್ಟ್ರಾದ ಅಪ್ಪ, ಕ್ಯಾಪ್ಟನ್ ಎಂಬ ಆ ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಡ್ರೈವರನಿಗೆ ಗೇರ್ ಹಾಕುವುದನ್ನು ಕಲಿಸುತ್ತಿದ್ದರು. ಅಮ್ಮ ಹಿಂದಿನ ಸೀಟಿನಲ್ಲಿ ದುಪ್ಪಟಿ ಮುಚ್ಚಿದ ಬುಟ್ಟಿಯನ್ನು ತಬ್ಬಿಕೊಂಡಿದ್ದಳು.

ಗೇಟಿನಲ್ಲಿ ಓನರ್ ನಿಂತಿದ್ದ. ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಕಣ್ಣುಗಳಷ್ಟೇ. ಆ ಕಣ್ಣುಗಳು ನಾಯಿಯನ್ನು ನೋಡಿ ಮೆತ್ತಗಾದವು, ಬುಟ್ಟಿಯನ್ನು ನೋಡಿ ಕಿರಿದಾದವು.

“ಬುಟ್ಟೀಲೇನಮ್ಮಾ?”

“ಪಾತ್ರೆ,” ಎಂದಳು ಅಮ್ಮ, ಕಣ್ಣು ಮಿಟುಕಿಸದೆ.

ಬುಟ್ಟಿ ಮಿಯಾಂವ್ ಎಂದಿತು. ಅದರ ಹಿಂದೆಯೇ ಇನ್ನೊಂದು ದನಿಯೂ ಬಂತು.

“ಪಾತ್ರೆಗಳಿಗೆ ಹಸಿವಾಗಿದೆ ಅನ್ಸತ್ತೆ,” ಎಂದ ಅವನು. ನಕ್ಕನೋ ಸಿಟ್ಟಾದನೋ ಅವಳಿಗೆ ತಿಳಿಯಲಿಲ್ಲ. ಅರ್ಧ ಮುಖ ಬಟ್ಟೆಯೊಳಗಿದ್ದರೆ ಮನುಷ್ಯನನ್ನು ಓದುವುದಾದರೂ ಹೇಗೆ? ಅವಳು ಕ್ಷಮೆ ಕೇಳಿದಳು. ಬೆಕ್ಕುಗಳು ಮೆಟ್ಟಿಲಿಳಿಯುವುದಿಲ್ಲ ಎಂದು ಮಾತು ಕೊಟ್ಟಳು.

ಮಾತು ಕೊಟ್ಟವಳು ಅವಳು. ಸಾಸಿವೆ, ಜೀರಿಗೆ ಎಂಬ ಆ ಎರಡು ಬೆಕ್ಕುಗಳಲ್ಲವಲ್ಲ. ಮೊದಲ ವಾರ ಮುಗಿಯುವುದರೊಳಗೆ ಜೀರಿಗೆ ಪೈಪು ಹಿಡಿದು ಕೆಳಗಿಳಿದು, ಯಾರೋ ಡಾಕ್ಟರರ ಹಸಿರು ವೆಲ್ವೆಟ್ ಕುರ್ಚಿಯ ಬೆನ್ನನ್ನು ಎಳೆಎಳೆಯಾಗಿ ಬಿಡಿಸಿಬಿಟ್ಟಿತು. ಸಂಜೆ ಡ್ಯೂಟಿ ಮುಗಿಸಿ, ಮೂಗಿನ ಮೇಲೆ ಮಾಸ್ಕಿನ ಗುರುತು ಹೊತ್ತು ಬಂದವಳಿಗೆ ಮೆಟ್ಟಿಲ ಬಳಿ ಕುರ್ಚಿಯ ಸಮೇತ ಅವನ ದರ್ಶನವಾಯಿತು.

ಹೊಸದಾಗಿ ಹೊಲಿಸಿಕೊಡುತ್ತೇನೆ ಎಂದಳು. ಈ ಊರಿನಲ್ಲಿ ಹೊಲಿಯುವವನು ನಾನೊಬ್ಬನೇ ಎಂದ. ಹಾಗಾದರೆ ನಾನೇ ಹೊಲಿಯುತ್ತೇನೆ ಎಂದಳು. ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

“ಬೆಕ್ಕನ್ನ ಕಟ್ಟಿಹಾಕಿ ಮೇಡಂ.”

“ಬೆಕ್ಕನ್ನ ಕಟ್ಟಿಹಾಕಿದವರನ್ನ ನೀವು ಎಲ್ಲಾದ್ರೂ ನೋಡಿದೀರಾ?”

ಅವನು ಸ್ವಲ್ಪ ಹೊತ್ತು ಯೋಚಿಸಿದ. “ಇಲ್ಲ,” ಎಂದು ಕುರ್ಚಿ ಎತ್ತಿಕೊಂಡು ಒಳಗೆ ಹೋದ. ಜಗಳಕ್ಕೆ ಸೆರಗು ಬಿಗಿದು ನಿಂತಿದ್ದವಳ ಉತ್ಸಾಹವೆಲ್ಲ ಠುಸ್ಸೆಂದಿತು. ಇದೆಂಥ ಮನುಷ್ಯ, ಜಗಳವಾಡಲಿಕ್ಕೂ ಬಿಡುವುದಿಲ್ಲವಲ್ಲ ಎಂದು ಅವಳಿಗೆ ಇನ್ನಷ್ಟು ರೇಗಿತು.

ಮರುದಿನ ಮಹಡಿಯ ಬಾಗಿಲಲ್ಲಿ ಒಂದು ಹಲಗೆ ನಿಂತಿತ್ತು. ಅದರ ಸುತ್ತ ಒರಟು ಗೋಣಿಬಟ್ಟೆಯನ್ನು ಬಿಗಿದು, ಬೆಕ್ಕಿನ ಉಗುರಿಗೆ ಹಿತವಾಗುವಂತೆ ಒಳಗೆ ಸ್ಪಂಜು ತುಂಬಿ, ಮೊಳೆ ಕಾಣದಂತೆ ಅಂಚು ಮಡಿಚಲಾಗಿತ್ತು. ಬೆಕ್ಕುಗಳು ಅದನ್ನು ಮೂಸಿ ಮುಂದೆ ಹೋದವು. ಕ್ಯಾಪ್ಟನ್ ಅದನ್ನು ಉರುಳಿಸಿ, ಮೇಲೆ ಮಲಗಿ, ತನ್ನದೆಂದು ಘೋಷಿಸಿಕೊಂಡಿತು. ಅವಳು ಮೆಟ್ಟಿಲಿನಿಂದ ಬಗ್ಗಿ, ನಾಯಿ ಥ್ಯಾಂಕ್ಸ್ ಹೇಳಿದೆ ಎಂದಳು. ಕೆಳಗಿನಿಂದ ಕಣ್ಣುಗಳೆರಡು ಮೇಲೆ ನೋಡಿ, ಅಂಚಿನಲ್ಲಿ ಸಣ್ಣಗೆ ಸುಕ್ಕುಗಟ್ಟಿದವು. ಈ ಸಲ ಅವನು ನಕ್ಕಿದ್ದು ಅವಳಿಗೆ ಗೊತ್ತಾಯಿತು.

ಆಮೇಲೆ ಆ ಸುಕ್ಕುಗಳನ್ನು ನೋಡುವುದು ಅಭ್ಯಾಸವಾಯಿತು. ಆಸ್ಪತ್ರೆಯಿಂದ ಬಂದವಳು ಹಿತ್ತಲಿನ ಬಚ್ಚಲಲ್ಲಿ ಸ್ನಾನ ಮಾಡಿಯೇ ಮಹಡಿ ಹತ್ತಬೇಕು. ಎಷ್ಟು ಹೊತ್ತಿಗೆ ಬಂದರೂ ನೀರು ಕಾದಿರುತ್ತಿತ್ತು. ಯಾರು ಕಾಯಿಸುತ್ತಾರೆ ಎಂದು ಒಂದು ದಿನ ನೇರವಾಗಿ ಕೇಳಿದಳು. ಬಿಸಿಲಿಗೆ ತಾನಾಗಿ ಕಾಯುತ್ತದೆ ಎಂದ. ಮೋಡ ಕವಿದಿತ್ತು. ಅವಳು ಆಕಾಶ ನೋಡಿದಳು, ಅವನು ಸೂಜಿಗೆ ದಾರ ಪೋಣಿಸತೊಡಗಿದ. ದಾರ ಮಾತ್ರ ಎಷ್ಟು ಹೊತ್ತಾದರೂ ಸೂಜಿಯೊಳಗೆ ಹೋಗಲಿಲ್ಲ.

ಅಪ್ಪನದೇ ಒಂದು ರಗಳೆ. ಹಳೆಯ ಊರು, ಅಲ್ಲಿನ ವಾಕಿಂಗ್ ಗೆಳೆಯರು ಎಂದು ಬೆಳಗಿನಿಂದ ಕೊರಗುವುದು. ಸಾಲದ್ದಕ್ಕೆ ಮಾಸ್ಕನ್ನು ಗದ್ದಕ್ಕೆ ಕಟ್ಟಿಕೊಂಡು ವರ್ಕ್‌ಶಾಪಿಗೆ ಹೋಗಿ, ಸ್ಪ್ರಿಂಗ್ ಹೇಗೆ ಕೂರಿಸಬೇಕೆಂದು ಅವನಿಗೇ ಪಾಠ ಹೇಳುವುದು. ದಿನಾ ಆಸ್ಪತ್ರೆಯಲ್ಲಿ ಬಿಳಿಚಿದ ಶ್ವಾಸಕೋಶಗಳನ್ನು ನೋಡಿ ಬರುವ ಅವಳು ಕೂಗಾಡಿದಳು, ಕೈ ಮುಗಿದಳು, ಅತ್ತೂ ನೋಡಿದಳು. “ನಿನ್ನದು ಅತಿಯಾಯ್ತು ಪುಟ್ಟಿ,” ಎಂದು ಅಪ್ಪ ಮತ್ತೆ ಕೆಳಗಿಳಿಯುತ್ತಿದ್ದರು.

ಕೊನೆಗೆ ಅಪ್ಪನಿಗೆ ಸೋಂಕು ನೆಗಡಿಯ ಹಾಗೆ ಬಂದು ಹೋಯಿತು. ಜ್ವರ ಹಿಡಿದದ್ದು ಕೆಳಗಿನವನಿಗೆ.

ಅವಳಿಗೆ ಅದು ಗೊತ್ತಾದದ್ದು ಎಕ್ಸ್-ರೇ ಕೋಣೆಯಲ್ಲಿ. ಅಂದು ನಸುಕಿನಲ್ಲೇ ಡ್ಯೂಟಿಗೆ ಬಂದಿದ್ದಳು. ಮೈತುಂಬ ಬಿಳಿಯ ರಕ್ಷಾಕವಚ, ಕಣ್ಣಿಗೆ ಆವಿ ಹಿಡಿದ ಗಾಗಲ್. ಗಾಲಿಕುರ್ಚಿಯಲ್ಲಿ ಬಂದ ರೋಗಿಯನ್ನು ಎಬ್ಬಿಸಿ, ಎದೆಯನ್ನು ಪ್ಲೇಟಿಗೆ ಒರಗಿಸಿ, ಭುಜಗಳನ್ನು ಮುಂದಕ್ಕೆ ತಳ್ಳುವಾಗ ಅವನ ತೋರುಬೆರಳ ತುದಿಯ ಸೂಜಿ ಚುಚ್ಚಿದ ಗಾಯಗಳನ್ನು ಕಂಡಳು. ಆ ಬೆರಳು ಅವಳಿಗೆ ಗೊತ್ತಿತ್ತು. ಗಾಜಿನ ಹಿಂದೆ ಹೋಗಿ, ಪ್ರತಿದಿನ ಎಷ್ಟೋ ಜನಕ್ಕೆ ಹೇಳುವುದನ್ನೇ ಹೇಳಿದಳು.

“ಉಸಿರು ಪೂರ್ತಿ ಎಳ್ಕೊಳ್ಳಿ. ಹಾಗೇ ಹಿಡ್ಕೊಳ್ಳಿ.”

ಪರದೆಯ ಮೇಲೆ ಅವನ ಪಕ್ಕೆಲುಬುಗಳು ಮೂಡಿದವು. ನಡುವೆ, ತುಸು ಎಡಕ್ಕೆ ವಾಲಿದ ಹೃದಯ. ಇಕ್ಕೆಲಗಳಲ್ಲೂ ಕೆಳಗಡೆ ಮಂಜು ಕವಿದಂಥ ಬಿಳುಪು. ಅವನ ಮೂಗು ಹೇಗಿದೆ, ತುಟಿ ಹೇಗಿದೆ ಎಂದು ಇನ್ನೂ ನೋಡಿರದ ಅವಳು ಅವನ ಎದೆಯನ್ನೇ ನೋಡುತ್ತ ನಿಂತುಬಿಟ್ಟಳು.

“ಬಿಡ್ಲಾ ಮೇಡಂ?” ಆ ಕಡೆಯಿಂದ ಕ್ಷೀಣವಾದ ದನಿ ಬಂತು.

ಉಸಿರು ಬಿಡಿ ಎನ್ನುವುದನ್ನೇ ಅವಳು ಮರೆತಿದ್ದಳು. ಬಿಡಿ, ಬಿಡಿ ಎನ್ನುತ್ತ ಓಡಿಹೋಗಿ, ಕೆಮ್ಮುತ್ತ ಕುಸಿಯುತ್ತಿದ್ದವನನ್ನು ಹಿಡಿದು ಕೂರಿಸಿದಳು. ನಾನು ಎಂದು ಗೊತ್ತಾಯಿತೇ ಎಂದು ಕೇಳಿದಳು.

“ಗದರೋ ದನೀಲೇ ಗೊತ್ತಾಯ್ತು.”

“ಜ್ವರ ಬಂದಿದೆ ಅಂತ ಮೇಲೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

“ಮೇಷ್ಟ್ರು ನೊಂದ್ಕೋತಾರೆ ಅಂತ.”

ಸಿಟ್ಟು, ಭಯ, ಇನ್ನೇನೋ ಒಂದು ಒಟ್ಟಾಗಿ ಬಂದು ಅವಳ ಗಾಗಲ್ ಪೂರ್ತಿ ಮಂಜಾಯಿತು. ಒರೆಸಿಕೊಳ್ಳುವಂತೆಯೂ ಇರಲಿಲ್ಲ.

ಅವನು ವಾರ್ಡಿನಲ್ಲಿದ್ದಷ್ಟು ದಿನ ಮಹಡಿ ಮನೆ ಮಂಕಾಯಿತು. ಅಪ್ಪ ಹೇಳಿಸಿಕೊಳ್ಳದೆಯೇ ಮಾಸ್ಕ್ ಹಾಕತೊಡಗಿದರು, ಮಲಗುವಾಗಲೂ. ಅಮ್ಮ ದಿನಾ ಅವನಿಗೆ ಗಂಜಿ ಕಟ್ಟಿಕೊಡುತ್ತಿದ್ದಳು. ಡ್ಯೂಟಿ ಮುಗಿದ ಮೇಲೆ ಅವಳು ವಾರ್ಡಿನ ಗಾಜಿನಾಚೆ ನಿಂತು ಫೋನಿನಲ್ಲಿ ಬೆಕ್ಕುಗಳ ಪ್ರತಾಪ ಹೇಳುತ್ತಿದ್ದಳು. ಆಕ್ಸಿಜನ್ ಮಾಸ್ಕಿನೊಳಗಿಂದ ಅವನು ಕಣ್ಣಲ್ಲೇ ಉತ್ತರ ಕೊಡುತ್ತಿದ್ದ. ಮಾತು ಮುಗಿದರೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಎರಡನೆಯ ಎಕ್ಸ್-ರೇಯಲ್ಲಿ ಮಂಜು ಕರಗುತ್ತ ಬಂದದ್ದನ್ನು ಕಂಡ ದಿನ ಅವಳು ಕ್ಯಾಂಟೀನಿನ ಮೂಲೆಯಲ್ಲಿ ಒಬ್ಬಳೇ ಕುಳಿತು ಸಮಾಧಾನವಾಗುವಷ್ಟು ಅತ್ತಳು.

ಅವನು ಮನೆಗೆ ಬಂದ. ಕೆಲಸ ಮತ್ತೆ ಶುರುವಾಯಿತು. ಸೋಂಕು ಇಳಿಯುತ್ತ ಬಂದಾಗ ಅವಳ ಇಲಾಖೆಯ ಆಫೀಸಿನಿಂದ ಸುದ್ದಿ ಬಂತು: ಹಳೆಯ ಆಸ್ಪತ್ರೆಗೆ ವಾಪಸ್ ಹೋಗಬಹುದು, ಇಲ್ಲವೇ ಇಲ್ಲೇ ಕಾಯಂ ಆಗಬಹುದು; ಸಂಜೆಯೊಳಗೆ ಫೋನ್ ಮಾಡಿ ತಿಳಿಸಬೇಕು. ಮಾತು ಪೂರ್ತಿ ಕೇಳುವ ಮೊದಲೇ ಅಪ್ಪ ಅಟ್ಟದಿಂದ ರಟ್ಟಿನ ಡಬ್ಬಗಳನ್ನು ಇಳಿಸಿದರು. ಸದ್ದು ಕೇಳಿ ಅವನೂ ಮೇಲೆ ಬಂದ. ವಿಷಯ ತಿಳಿದುಕೊಂಡ. ಆಮೇಲೆ ಕುಳಿತು ಡಬ್ಬಗಳಿಗೆ ಹಗ್ಗ ಕಟ್ಟತೊಡಗಿದ. ಅದೂ ಎಂಥ ಗಂಟು, ಜನ್ಮದಲ್ಲಿ ಬಿಚ್ಚಲಾಗದಂಥದ್ದು.

ಅವಳು ನೋಡಿದಳು, ಸಹಿಸಿದಳು, ಮೂರನೆಯ ಡಬ್ಬಕ್ಕೆ ಅವನು ಕೈ ಹಾಕಿದಾಗ ಆಗಲಿಲ್ಲ. ಹಗ್ಗ ಕಿತ್ತುಕೊಂಡಳು.

“ನಿಮಗೆ ಬಾಯಿಲ್ವಾ?”

ಅವನು ತಲೆ ಎತ್ತಿದ.

“ನೀರು ಕಾಯಿಸಿದ್ದು ಹೇಳಲ್ಲ, ಜ್ವರ ಬಂದಿದ್ದು ಹೇಳಲ್ಲ. ಈಗ ನಾನು ಹೋಗ್ತೀನಿ ಅಂದ್ರೆ ಕೂತ್ಕೊಂಡು ಗಂಟು ಹಾಕ್ತಿದೀರಿ. ಇರಿ ಅಂತಾನೂ ಹೇಳಲ್ಲ, ಹೋಗಿ ಅಂತಾನೂ ಹೇಳಲ್ಲ. ನಾನು ಏನಂತ ತಿಳ್ಕೋಬೇಕು?”

ಅಪ್ಪ ಬಾಗಿಲಲ್ಲಿ ನಿಂತು ಏನೋ ಹೇಳಲು ಹೊರಟರು. ಅಮ್ಮ ಅವರ ತೋಳು ಹಿಡಿದು ಒಳಗೆಳೆದುಕೊಂಡು ಹೋದಳು. ಅಲ್ಲಿ ನನ್ನ ವಾಕಿಂಗ್ ಗೆಳೆಯರು ಎಂದು ಅಪ್ಪ ಗೊಣಗಿದ್ದೂ, ಇಲ್ಲೂ ರಸ್ತೆ ಇದೆ ನಡೀರಿ ಎಂದು ಅಮ್ಮ ಅಂದದ್ದೂ ಕೇಳಿಸಿತು.

“ಇರಿ ಅನ್ನೋ ಅಧಿಕಾರ ನನಗೆಲ್ಲಿದೆ?” ಎಂದ ಅವನು ಮೆಲ್ಲಗೆ. “ಮೇಷ್ಟ್ರು ಆ ಊರನ್ನ ದಿನಾ ನೆನೀತಾರೆ. ನೀವು ಹೋಗೋಕೇ ಬಂದವರು. ತಡೆದು ನಿಲ್ಲಿಸಿ, ನಾಳೆ ನಿಮಗೆ ಬೇಜಾರಾದ್ರೆ?”

“ಅಧಿಕಾರ ಕೇಳಿದ್ರೆ ಕೊಡ್ತಿದ್ದೆ.”

“ಈಗ ಕೇಳಿದ್ರೆ?”

“ಕೇಳಿ ನೋಡಿ.”

ಅವನು ಎದ್ದು ನಿಂತ. ಬಟ್ಟೆಯ ಅಳತೆ ಹಿಡಿದಷ್ಟೇ ಜಾಗ್ರತೆಯಿಂದ ಮಾತು ಹುಡುಕಿದ.

“ಹೋಗಬೇಡ. ನೀನು ಡ್ಯೂಟಿಯಿಂದ ಬರೋವರೆಗೂ ನನಗೆ ಕೆಲಸ ಓಡಲ್ಲ. ಮೆಟ್ಟಿಲ ಸದ್ದು ಕೇಳಿದ ಮೇಲೇನೇ ಹೊಲಿಗೆ ನೇರ ಬರೋದು.”

ಮೇಡಂ ಹೋಗಿ ‘ನೀನು’ ಬಂದದ್ದನ್ನು ಅವಳು ಗಮನಿಸಿದಳು. ಇಷ್ಟು ಹೇಳಲು ಇಷ್ಟು ಕಾಲವೇ ಎಂದು ಗದರಬೇಕೆಂದುಕೊಂಡಳು. ಅವನು ಕೈ ಹಿಡಿದಿದ್ದರಿಂದ ಗದರುವ ದನಿ ಹೊರಡಲಿಲ್ಲ. ಆಫೀಸಿಗೆ ಫೋನ್ ಮಾಡಬೇಕಿತ್ತು. ಬಲಗೈ ಅವನ ಬಳಿ ಇತ್ತು, ಅವನು ಬಿಡುವಂತೆ ಕಾಣಲಿಲ್ಲ, ಅವಳೂ ಬಿಡು ಎನ್ನಲಿಲ್ಲ. ಎಡಗೈಯಲ್ಲೇ ನಂಬರ್ ಒತ್ತಿದಳು. ಅದು ಎಲ್ಲೋ ತಪ್ಪಿ, ಯಾರೋ ಅಪರಿಚಿತರು ಎತ್ತಿ ಹಲೋ ಎಂದರು.

“ನಾನು ಇಲ್ಲೇ ಇರ್ತೀನಿ,” ಎಂದಳು ಅವಳು, ಅವರಿಗೇ.